ಅರ್ಧಕ್ಕೇ ನಿಂತ ಸಾಲು

ಕರೆಂಟು ಹೋಯಿತು.

ಮಾನಿಟರಿನ ಬೆಳಕು ಆರಿತು. ಯುಪಿಎಸ್ ಎಂಬ ಪೆಟ್ಟಿಗೆ ಎರಡು ಸಲ ಕೀಂವ್ ಎಂದು ಅದೂ ಬಾಯಿ ಮುಚ್ಚಿಕೊಂಡಿತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಹೊಸದು ಹಾಕಿಸುವ ಯೋಗ್ಯತೆ ನನ್ನ ಕಂಪ್ಯೂಟರ್ ಕ್ಲಾಸಿಗೆ ಇನ್ನೂ ಬಂದಿರಲಿಲ್ಲ.

"ಹೋತೇನ್ರಿ?" ಬೆಂಚಿನ ಮೇಲೆ ಕೂತಿದ್ದ ಗದಿಗೆವ್ವ ಕೇಳಿದಳು.

"ಹೋತು."

"ಮತ್ತ ಮೊದಲಿಂದ ಓದಬೇಕೇನ್ರಿ ಅದು?"

"ಮೊದಲಿಂದ ಓದಬೇಕು ಯವ್ವಾ."

ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಏಪ್ರಿಲ್ ತಿಂಗಳ ರಾಣೆಬೆನ್ನೂರು. ತಗಡಿನ ಮಾಡಿನ ಕೆಳಗೆ ನಾವಿಬ್ಬರೂ ಬೇಯುತ್ತಿದ್ದೆವು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯಲ್ಲಿ ಹೊಳಿಯವ್ವ ಎಂಬ ಕೂಲಿ ಹೆಂಗಸು ತಂಪು ಯಂತ್ರದಿಂದ ಸೋರಿದ ಅಮೋನಿಯಾ ಗಾಳಿಗೆ ಉಸಿರುಗಟ್ಟಿ ಸತ್ತು, ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಚನ್ನೇಶ ಕೊಲೆಗಾರನೆಂದು ಹಾವೇರಿ ಜೈಲು ಸೇರಿದಂದಿನಿಂದ, ಅವನ ತಾಯಿ ಈ ಬೆಂಚು ಬಿಟ್ಟು ಎದ್ದಿರಲಿಲ್ಲ.

ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಸಿಕ್ಕಿಬಿದ್ದವರು ಒತ್ತಲೆಂದು ಗೋಡೆಯ ಮೇಲೆ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ಹೊರಗೆ ಸೈರನ್ ಕೂಗಬೇಕು. ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಚನ್ನೇಶನೇ ಚಿಲಕ ಹಾಕಿ, ಚನ್ನೇಶನೇ ಸೈರನ್ನಿನ ಬಾಯಿ ಕಟ್ಟಿದ ಎನ್ನುವುದು ಆರೋಪ. ಹಿಂದಿನ ದಿನವಷ್ಟೇ ಅವನು ಎಲ್ಲರೆದುರು ಹೊಳಿಯವ್ವನ ಜೊತೆ ಜಗಳಾಡಿದ್ದ. ಕಾರಣ ಏನು? ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು ಬಿಸಿಲು ತಾಳದೆ ತಂಪು ಕೋಣೆಗೆ ನುಗ್ಗಿ ಮಲಗುತ್ತಾರೆ ಎಂದು. ಅಷ್ಟಕ್ಕೆ ಯಾರಾದರೂ ಕೊಲ್ಲುತ್ತಾರೆಯೇ? ಆದರೆ ಜೈಲಿಗೆ ಹಾಕಲು ಅಷ್ಟು ಸಾಕಾಗಿತ್ತು.

ಮೊಬೈಲು ಗುರುಗುಟ್ಟಿತು. ಚನ್ನೇಶನ ವಕೀಲ ಮಧು.

"ಸುರೇಖಾ ಮೇಡಂ, ಎಲ್ಲಾ ಮುಗೀತ್ರಿ."

"ಏನಾತು?"

"ಚನ್ನೇಶ ನಾಳೆ ಜಡ್ಜ್ ಮುಂದ ತಪ್ಪು ಒಪ್ಪಿಕೋತಾನಂತ. ನಿನ್ನೆ ಸಂಜಿಗೆ ನನ್ನ ಮುಖಾ ನೋಡಲಾರದ ಹೇಳಿದ. ನಿಮ್ಮ ಕಂಪ್ಯೂಟರ್ ಸೈರನ್ ಕೂಗಿಲ್ಲ ಅಂದೈತಲ್ಲ, ಅದ ಖರೇ ಅಂತಾನ."

ನಾನು ಬೆಂಚಿನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

"ಅಂವ ಒಪ್ಪಿಕೊಂಡ್ರ ಏನಾಕೈತಿ?"

"ಏನಾಕೈತ್ರಿ? ಜೀವನ ಪೂರ್ತಿ ಒಳಗ." ಮಧು ಫೋನಿಟ್ಟ.

ನನ್ನ ಕಂಪ್ಯೂಟರ್! ಅದೇನು ದೇವರ ಪೂಜಾರಿಯೇ, ಹೇಳಿದ್ದೆಲ್ಲ ಸತ್ಯವಾಗಲು? ಆ ಕೋಲ್ಡ್ ಸ್ಟೋರೇಜಿನ ಯಂತ್ರ ಹಗಲಿರುಳೂ ಒಂದೊಂದೇ ಸಾಲು ಬರೆಯುತ್ತ ಹೋಗುತ್ತದೆ. ಯಾವ ಕೋಣೆಯಲ್ಲಿ ತಂಪೆಷ್ಟು, ಮೋಟಾರು ಓಡುತ್ತಿದೆಯೋ ನಿಂತಿದೆಯೋ, ಸೈರನ್ ಕೂಗಿತೋ ಇಲ್ಲವೋ. ಅದರ ನಕಲನ್ನು ಓದಿ ನೋಡಿ ಎಂದು ಮಧು ನನಗೆ ತಂದುಕೊಟ್ಟಿದ್ದ. ವರ್ಷಗಟ್ಟಲೆ ಬರೆದ ಆ ಕಡತ ಎಷ್ಟು ದೊಡ್ಡದೆಂದರೆ ನೋಟ್‌ಪ್ಯಾಡಿನಲ್ಲಿ ತೆರೆದರೆ ಕಂಪ್ಯೂಟರು ಮೂರ್ಛೆ ಹೋಗುತ್ತಿತ್ತು. ಅದಕ್ಕೇ ನಾನು ಪರ್ಲ್ ಭಾಷೆಯಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ. ಇಡೀ ಕಡತವನ್ನು ಒಮ್ಮೆಗೇ ನುಂಗಬೇಡ. ಒಂದು ಸಾಲು ಓದು, ಸೈರನ್ ಎಂದಿದ್ದರೆ ಇಟ್ಟುಕೋ, ಇಲ್ಲದಿದ್ದರೆ ಬಿಡು, ಮುಂದಿನ ಸಾಲಿಗೆ ಹೋಗು. ಅಷ್ಟೇ ಅದರ ಬುದ್ಧಿ.

ಅದು ಓದಿತ್ತು. ಹೊಳಿಯವ್ವ ಸತ್ತ ದಿನದಲ್ಲಿ ಸೈರನ್ ಎಂಬ ಸಾಲೇ ಇಲ್ಲ ಎಂದು ಹೇಳಿತ್ತು. ಮತ್ತೆ ಮತ್ತೆ ಓದಿಸಿದ್ದೆ. ಮತ್ತೆ ಮತ್ತೆ ಅದೇ ಉತ್ತರ. ಗುಡ್ಡ ಅಗೆದು ಇಲಿಯನ್ನಾದರೂ ಹಿಡಿಯುತ್ತಾರೆ. ನಾನು ಗುಡ್ಡ ಅಗೆದು ಗದಿಗೆವ್ವನ ಮಗನ ಕುತ್ತಿಗೆಗೆ ಹಗ್ಗ ತಂದಿದ್ದೆ.

"ವಕೀಲರೇನ್ರಿ?" ಗದಿಗೆವ್ವ ಕೇಳಿದಳು.

"ಹೂಂ."

"ಏನಂತಾರ?"

"ನಾಳೆ ಕೋರ್ಟ್ ಐತಂತ."

ಅವಳು ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಕರೆಂಟು ಬಂತು. ಪುಣ್ಯ.

ಕಂಪ್ಯೂಟರು ಎದ್ದ ಮೇಲೆ, ಸ್ಕ್ರಿಪ್ಟ್ ಎಲ್ಲಿಯವರೆಗೆ ಬರೆದಿತ್ತೋ ನೋಡೋಣವೆಂದು ಅದರ ಉತ್ತರದ ಕಡತ ತೆರೆದೆ. ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ತಾರೀಖಿತ್ತು, ವೇಳೆ ಇತ್ತು, ಮುಂದೆ ಖಾಲಿ. ಕರೆಂಟು ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಸಾಲು ಅದು. ಕಸ. ಅಳಿಸಲು ಬೆರಳು ಮುಂದಾಯಿತು.

ಬೆರಳು ಅಲ್ಲೇ ನಿಂತಿತು.

ಈ ಸಾಲು ಯಾಕೆ ತುಂಡಾಯಿತೆಂದು ನನಗೆ ಗೊತ್ತು. ಕಣ್ಣೆದುರೇ ಕರೆಂಟು ಹೋಯಿತು. ಆದರೆ ಬ್ಯಾಡಗಿಯ ಕಡತದಲ್ಲಿಯೂ ಇಂಥ ತುಂಡು ಸಾಲುಗಳು ರಾಶಿ ಇದ್ದವು. ಅವು ಯಾಕೆ ತುಂಡಾದವೆಂದು ನಾನು ಕೇಳಿಯೇ ಇರಲಿಲ್ಲ. ಸ್ಕ್ರಿಪ್ಟಿನ ಆರಂಭದಲ್ಲೇ ಕಟ್ಟಪ್ಪಣೆ ಬರೆದಿದ್ದೆ: ಸಾಲು ಪೂರ್ತಿ ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗು. ಬೇರೆ ಕಡೆಯವರಾಗಿದ್ದರೆ ಇಷ್ಟು ಸಾಲು ಯಾಕೆ ಮುರಿದಿವೆ ಎಂದು ಗಾಬರಿಯಾಗುತ್ತಿದ್ದರು. ನಮ್ಮ ಕಡೆ ಕರೆಂಟು ಹೋಗುವುದೂ ಒಂದು ಸುದ್ದಿಯೇ? ದಿನಾ ಹೋಗುತ್ತದೆ, ದಿನಾ ಸಾಲು ಮುರಿಯುತ್ತದೆ, ಅದರಲ್ಲೇನಿದೆ ಎಂದುಕೊಂಡೆ. ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ತಪ್ಪಿಗೆ ಕಣ್ಣಿದ್ದೂ ಕುರುಡಿಯಾಗಿದ್ದೆ.

ಆ ಅಪ್ಪಣೆಯನ್ನು ತಿರುಗಿಸಿ ಬರೆದೆ. ಪೂರ್ತಿ ಇದ್ದರೆ ಬಿಡು. ತುಂಡಾಗಿದ್ದರೆ ಇಟ್ಟುಕೋ.

ಸ್ಕ್ರಿಪ್ಟ್ ಓಡಿತು. ಕರೆಂಟು ಅವತ್ತೊಂದು ದಿನ ನನ್ನ ಮರ್ಯಾದೆ ಉಳಿಸಿತು. ತುಂಡು ಸಾಲುಗಳು ಬೀಳತೊಡಗಿದವು, ಅವುಗಳಲ್ಲಿ ಸೈರನ್ ಎಂದಿದ್ದವನ್ನು ಮಾತ್ರ ಹೆಕ್ಕಿದೆ.

ಸಿಕ್ಕಿತು. ಹೊಳಿಯವ್ವ ಸತ್ತ ದಿನ, ಮಧ್ಯಾಹ್ನದ ಊಟದ ಹೊತ್ತು. ಮೂರನೇ ಕೋಣೆ. ಸೈರನ್ ಆನ್. ಅಲ್ಲಿಗೆ ಸಾಲು ಮುಗಿದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ!

ಕುಣಿದಾಡಬೇಕಿತ್ತು. ಆದರೆ ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಯಾಕೆಂದರೆ ಸೈರನ್ ಸಾಲನ್ನು ಆ ಯಂತ್ರ ಬರೆಯುವ ರೀತಿಯೇ ಬೇರೆ. ಗುಂಡಿ ಒತ್ತಿದ ಕೂಡಲೇ ಸಾಲು ಶುರುವಾಗುತ್ತದೆ. ಬೆರಳು ತೆಗೆದ ಮೇಲೆಯೇ ಆಫ್ ಎಂದು ಬರೆದು ಸಾಲು ಮುಗಿಸುತ್ತದೆ. ಯಂತ್ರ ಕೂಡಿಸಿದ ದಿನ ಯಾರೋ ಪರೀಕ್ಷೆಗೆ ಒತ್ತಿದ ಪೂರ್ತಿ ಸಾಲುಗಳು ಕಡತದ ಆರಂಭದಲ್ಲೇ ಇದ್ದವು. ಈ ಸಾಲಿಗೆ ಆಫ್ ಇರಲಿಲ್ಲ. ಹೊಳಿಯವ್ವ ಗುಂಡಿಯ ಮೇಲಿಂದ ಬೆರಳು ತೆಗೆದೇ ಇರಲಿಲ್ಲ. ಒತ್ತಿ ಹಿಡಿದೇ ಇದ್ದಳು, ಸೈರನ್ ಕೂಗುತ್ತಲೇ ಇತ್ತು, ಆಗ ಕರೆಂಟು ಹೋಯಿತು.

ಹೋಯಿತೋ, ಯಾರಾದರೂ ತೆಗೆದರೋ?

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹೊಳಿಯವ್ವನ ದಿನಕ್ಕಿಂತ ಮೊದಲೂ ಅದೇ ಮೂರನೇ ಕೋಣೆಯ ಸೈರನ್ ಹಲವು ಸಲ ಕೂಗಿತ್ತು. ಪ್ರತಿಸಲವೂ ಸಾಲು ಅರ್ಧಕ್ಕೇ ಮುರಿದಿತ್ತು. ಪ್ರತಿಸಲವೂ ಸ್ವಲ್ಪ ಹೊತ್ತಿನ ನಂತರ ಯಂತ್ರ ಮತ್ತೆ ಎದ್ದಿತ್ತು. ಸೈರನ್ ಕೂಗಿದಾಗಲೆಲ್ಲ ಕರೆಂಟು ಹೋಗುವುದು ಯಾವ ಊರಿನಲ್ಲೂ ನಡೆಯದು. ಯಾರೋ ಮೇನ್ ಸ್ವಿಚ್ ಇಳಿಸಿ ನೋಡಿದ್ದಾರೆ, ಸೈರನ್ ಸುಮ್ಮನಾಗುತ್ತದೆಯೇ ಎಂದು. ಒಂದು ಸಲವಲ್ಲ, ಹಲವು ಸಲ.

ಯಾರೋ ತಾಲೀಮು ಮಾಡಿದ್ದರು.

"ಯವ್ವಾ, ಏಳು." ನಾನು ಸಿಡಿಗೆ ಎಲ್ಲ ಇಳಿಸಿಕೊಳ್ಳುತ್ತ ಹೇಳಿದೆ. "ಹಾವೇರಿ ಬಸ್ ಹಿಡಿ. ಜೈಲಿನ ಬಾಗಲಾಗ ಕುಂಡ್ರು. ನಾ ಬ್ಯಾಡಗಿ ಮುಟ್ಟಿ ಅಲ್ಲಿಗೆ ಬರ್ತೇನಿ."

ಅವಳು ಎದ್ದು ನಿಂತಳು. "ಏನರ ಸಿಕ್ತೇನ್ರಿ ಅಕ್ಕೋರ?"

"ನಿನ್ನ ಮಗ ಕೊಂದಿಲ್ಲ. ಅಷ್ಟ ತಿಳ್ಕೊ."

ಅವಳು ನನ್ನ ಕಂಪ್ಯೂಟರಿಗೆ ಕೈಮುಗಿದಳು. ನಾನು ಸಿಡಿ ತೆಗೆದುಕೊಂಡು ಬಾಗಿಲಿಗೆ ಬೀಗ ಹಾಕಿದೆ.

ಬ್ಯಾಡಗಿಯಲ್ಲಿ ಬಸ್ಸಿಳಿದವರಿಗೆ ಊರಿನ ಮೊದಲ ಮಾತೇ ಸೀನು. ಮೆಣಸಿನಕಾಯಿ ಘಾಟು ಕಣ್ಣಿಗೂ ಮೂಗಿಗೂ ಹೊಡೆಯುತ್ತದೆ. ನಾನು ಕೋಲ್ಡ್ ಸ್ಟೋರೇಜಿನೊಳಗೆ ಹೋಗಲಿಲ್ಲ. ಅದರ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಕುಲ್ಸುಮಬಿಯ ಡಂಕಿಗೆ ಹೋದೆ. ಡಂಕಿ ಅಂದರೆ ಖಾರ ಕುಟ್ಟುವ ಯಂತ್ರ. ಕಬ್ಬಿಣದ ಒನಕೆಗಳು ಒಂದರ ಹಿಂದೊಂದು ಎದ್ದು ಬೀಳುವ ಆ ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಎರಡೂ ಕಟ್ಟಡಗಳಿಗೆ ಒಂದೇ ಟ್ರಾನ್ಸ್‌ಫಾರ್ಮರ್. ನಿಜವಾಗಿಯೂ ಕರೆಂಟು ಹೋಗಿದ್ದರೆ ಇಬ್ಬರಿಗೂ ಹೋಗಬೇಕು.

ಕುಲ್ಸುಮಬಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಾರ ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಕಂಡು ಹಿತ್ತಲಿಗೆ ಕರೆದಳು.

"ಖಾಲಾ, ಹೊಳಿಯವ್ವ ತೀರಿದ ದಿನ ಮಧ್ಯಾಹ್ನ ಕರೆಂಟ್ ಹೋಗಿತ್ತೇನ್ರಿ?"

"ಆ ದಿನ? ಇಲ್ಲ ಬೇಟಿ. ಆ ದಿನ ಹೋಗಲೇ ಇಲ್ಲ."

"ಅಷ್ಟು ಖಾತ್ರಿ ಹೆಂಗ ಹೇಳ್ತೀರಿ? ದಿನಾ ಹೊಕ್ಕೈತಲ್ರಿ?"

"ದಿನಾ ಹೊಕ್ಕೈತಿ, ಅದಕ್ಕ ನೆಪ್ಪೈತಿ. ಕಾಗಿನೆಲಿ ಮಂದಿದು ಮದುವಿ ಖಾರ ಇತ್ತು. ಮುಂಜಾನಿಂದ ಸಂಜಿತನಕ ಒಂದ ಸವನ ಕುಟ್ಟೇನಿ. ಇವತ್ತೊಂದಿನ ಅಲ್ಲಾ ಕಣ್ಣ ತೆರದಾನ ನೋಡು ಅಂತ ಆ ಮಂದಿ ಮುಂದ ಅಂದೆ. ಖಾರ ಚೀಲಕ್ಕ ತುಂಬಿ ಬಾಯಿ ಹೊಲಿಯಾಕತ್ತಿದ್ದೆ, ಬಾಜೂಕ ಮಂದಿ ಕೂಡಿತು. ಹೊಳಿಯವ್ವನ್ನ ಹೊರಗ ತಂದು ಮಲಗಿಸಿದ್ರು." ಅವಳು ಕಣ್ಣೊರೆಸಿಕೊಂಡಳು. ಖಾರಕ್ಕೋ ನೆನಪಿಗೋ ತಿಳಿಯಲಿಲ್ಲ. "ಯಾಕ ಕೇಳ್ತಿ?"

ಹೇಳಬಾರದಿತ್ತು. ಸಂತೋಷದಲ್ಲಿ ಬಾಯಿಬಿಟ್ಟೆ.

"ಅಕಿ ಒಳಗಿಂದ ಗುಂಡಿ ಒತ್ತಿ ಹಿಡದಾಳ ಖಾಲಾ. ಸೈರನ್ ಕೂಗೈತಿ. ಕರೆಂಟ್ ಹೋಗಿಲ್ಲ, ಯಾರೋ ಬೇಕಂತ ಮೇನ್ ಇಳಿಸ್ಯಾರ. ನಿಮ್ಮ ಮಾತು ಒಂದ ಸಾಕು."

ಕುಲ್ಸುಮಬಿ ಬಾಗಿಲ ಕಡೆ ತಿರುಗಿದಳು. ಒಳಗೆ ಒನಕೆಗಳು ಏಳುತ್ತಿದ್ದವು, ಬೀಳುತ್ತಿದ್ದವು.

"ಕೂಗಿತ್ತೇನು?"

"ಹೌದ್ರಿ."

"ಆ ಗ್ವಾಡಿ ಆಚೀಗೇ?"

ನನಗೆ ತಡವಾಗಿ ಹೊಳೆಯಿತು.

"ಕರೆಂಟ್ ಹೋಗಿದ್ರ ನನ್ನ ಡಂಕಿ ನಿಂದರತಿತ್ತು," ಅವಳು ನಿಧಾನವಾಗಿ ಹೇಳಿದಳು. "ಡಂಕಿ ನಿಂತಿದ್ರ ಅಕಿ ಬಾಗಲಾ ಬಡದದ್ದರ ನನಗ ಕೇಳಸ್ತಿತ್ತು. ಅಲ್ಲಾ ಕಣ್ಣ ತೆರದಾನ ಅಂದೆನಲ್ಲ ನಾನು..."

"ನಿಮ್ಮದೇನು ತಪ್ಪೈತ್ರಿ ಅದರಾಗ?"

"ಕೋರ್ಟಿಗೆ ಬಾ ಅಂದ್ರ ಬರ್ತೇನಿ ಬೇಟಿ. ಏನಂತ ಹೇಳ್ಲಿ? ಅಕಿ ಸಾಯುವಾಗ ಬಾಜೂಕ ಮದುವಿ ಖಾರ ಕುಟ್ಟಾಕತ್ತಿದ್ದೆ ಅಂತ ಹೇಳ್ಲೇನು?"

ಅವಳು ಒಳಗೆ ಹೋಗಿ ಮೋಟಾರು ಬಂದ್ ಮಾಡಿದಳು. ಸರದಿಯಲ್ಲಿದ್ದ ಹೆಂಗಸರು ಗೊಣಗಿದರು. ಬುಟ್ಟಿ ಇಟ್ಟು ಹೋಗ್ರಿ, ಇವತ್ತು ಕುಟ್ಟಂಗಿಲ್ಲ ಎಂದಳು. ಸಾಕ್ಷಿ ಸಿಕ್ಕಿತ್ತು, ಆದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಬಂದು ಮಧುವಿಗೆ ಫೋನ್ ಮಾಡಿದೆ. ಕೊಲೆ ಬೇರೆಯವರದು, ಸೈರನ್ ಕೂಗುವಾಗ ಯಾರೋ ಅಡಗಿಸಿದ್ದಾರೆ, ಸಿಡಿಯಲ್ಲಿ ಸಾಕ್ಷಿ ಇದೆ, ಜೈಲಿನ ಹತ್ತಿರ ಬಾ ಎಂದೆ. ಫೋನಿಟ್ಟು ತಲೆಯೆತ್ತಿದರೆ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಮ್ಯಾನೇಜರ್ ಚೇತನಕುಮಾರ ನಿಂತಿದ್ದ. ಮಾಲೀಕರ ಅಳಿಯ. ಸೊಂಟದಲ್ಲಿ ಕೀಲಿಗಳ ಗೊಂಚಲು. ಅದರಲ್ಲಿ ಮೇನ್ ಸ್ವಿಚ್ ಇರುವ ಕೋಣೆಯದೂ ಒಂದು.

"ಏನ್ರಿ ಅಕ್ಕಾವ್ರ, ಗೇಟಿನತನಕ ಬಂದು ಒಳಗ ಬರಲಿಲ್ಲ? ಕಂಪ್ಯೂಟರ್ ಏನಂತೈತ್ರಿ?"

"ಇನ್ನೂ ಓದಾಕತ್ತೈತ್ರಿ."

"ಓದ್ಲಿ, ಓದ್ಲಿ. ಓದೋದು ಮುಗಿಯೂದ್ರಾಗ ನಮ್ಮ ಚನ್ನೇಶ ಒಪ್ಪಿಕೊಂಡ ಬಿಟ್ಟಿರ್ತಾನ." ಅವನು ನಕ್ಕ. "ಪಾಪ, ಛಲೋ ಹುಡುಗ ಇದ್ದ."

ಚನ್ನೇಶ ಮಧುವಿಗೆ ಹೇಳಿದ್ದು ನಿನ್ನೆ ಸಂಜೆ. ಈ ಮಹಾಶಯನಿಗೆ ಇಷ್ಟು ಬೇಗ ಯಾರು ಮುಟ್ಟಿಸಿದರು?

ರೈತರು ನಂಬಿ ಇಟ್ಟ ಬ್ಯಾಡಗಿ ಕಾಯಿಯ ಚೀಲದಲ್ಲಿ ಅಗ್ಗದ ಗುಂಟೂರು ಕಾಯಿ ತುಂಬುತ್ತಿದ್ದಾರೆಂದು ಹೊಳಿಯವ್ವ ಇವನ ಮುಖಕ್ಕೇ ಅಂದಿದ್ದಳು. ತೊಟ್ಟು ಮುರಿಯುವ ಹೆಂಗಸರೆಲ್ಲ ಅದನ್ನು ಕೇಳಿದ್ದರು. ಪೊಲೀಸರ ಮುಂದೆ ಮಾತ್ರ ಒಬ್ಬರಿಗೂ ನೆನಪಿರಲಿಲ್ಲ. ಇವನೇ. ಕೀಲಿ ಇವನದು, ತಾಲೀಮು ಇವನದು. ಮೋಟೆಬೆನ್ನೂರು ಕ್ರಾಸಿನಲ್ಲಿ ಹಾವೇರಿ ಬಸ್ಸಿಗೆ ಕಾಯುವಾಗ ನನ್ನ ಮನಸ್ಸಿನಲ್ಲಿ ಇವನ ಕೈಗೆ ಆಗಲೇ ಬೇಡಿ ಬಿದ್ದಿತ್ತು.

ಹಾವೇರಿ ಜೈಲಿನ ಭೇಟಿ ಕೋಣೆಯಲ್ಲಿ ಜಾಳಿಗೆಯ ಆಚೆ ಚನ್ನೇಶ ಬಂದು ನಿಂತಾಗ ಗುರುತು ಹಿಡಿಯುವುದು ಕಷ್ಟವಾಯಿತು. ಗಡ್ಡ ಬಂದಿತ್ತು, ಅಂಗಿ ಜೋತುಬಿದ್ದಿತ್ತು. ಹೊರಗೆ ಗದಿಗೆವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು. ಇವತ್ತಿನ ಅವಳ ಭೇಟಿಯನ್ನು ನನಗೆ ಬಿಟ್ಟುಕೊಟ್ಟಿದ್ದಳು.

"ನಾಳೆ ಬಾಯಿ ಬಿಚ್ಚಬ್ಯಾಡ," ನಾನು ಶುರುಮಾಡಿಯೇಬಿಟ್ಟೆ. "ಸೈರನ್ ಕೂಗೈತಿ ಚನ್ನೇಶಾ. ನನ್ನ ಪ್ರೋಗ್ರಾಂ ತುಂಡು ಸಾಲು ಬಿಟ್ಟು ಓದ್ತಿತ್ತು. ಸಾಲು ಸಿಕ್ಕೈತಿ."

ಅವನ ಮುಖದಲ್ಲಿ ಬೆಳಕು ಬರುತ್ತದೆಂದು ಕಾದೆ. ಅವನು ಜಾಳಿಗೆ ಹಿಡಿದುಕೊಂಡ.

"ಯಾವ ಸಾಲ್ರಿ?"

"ಹೊಳಿಯವ್ವ ಗುಂಡಿ ಒತ್ತಿದ್ದು. ಸೈರನ್ ಕೂಗುವಾಗ ಯಾರೋ ಮೇನ್ ಇಳಿಸ್ಯಾರ. ಅವತ್ತು ಕರೆಂಟ್ ಹೋಗಿರಲಿಲ್ಲ ಅಂತ ಕುಲ್ಸುಮಬಿ ಸಾಕ್ಷಿ ಹೇಳ್ತಾಳ. ಅಷ್ಟ ಅಲ್ಲ, ಮೊದಲೂ ಹಿಂಗ ಮಾಡ್ಯಾರ. ಸೈರನ್ ಕೂಗಿದಾಗೊಮ್ಮೆ ಮೇನ್ ಇಳಿಸಿ ತಾಲೀಮು ಮಾಡ್ಯಾರ. ಚೇತನಕುಮಾರನ ಕೀಲಿ..."

"ಆ ತಾಲೀಮು ನಂದ್ರಿ ಅಕ್ಕಾರ."

ಪಕ್ಕದ ಜಾಳಿಗೆಯಲ್ಲಿ ಯಾರೋ ಹೆಂಗಸು ಗಂಡನಿಗೆ ಎಮ್ಮೆ ಕರು ಹಾಕಿದ ಸುದ್ದಿ ಹೇಳುತ್ತಿದ್ದಳು.

"ಏನಂದಿ?"

"ಮೂರನೇ ಖೋಲಿ ಗುಂಡಿ ಕೆಟ್ಟಿತ್ರಿ. ಒಳಗಿನ ಥಂಡಿಗೆ ನೀರು ಇಳದು ತಾನ ಕೂಗ್ತಿತ್ತು. ತಾನ ಹತ್ತಿದ್ರ ಮೇನ್ ಇಳಿಸಿ ಏರಿಸೂತನಕ ನಿಂದರತಿದ್ದಿಲ್ಲ, ಕೈಲೆ ಒತ್ತಿದ್ರ ಮಾತ್ರ ಬೆರಳು ತಗದ ಕೂಡ್ಲೆ ನಿಂದರತಿತ್ತು. ಮೊದಮೊದಲು ಓಡಿ ಹೋಗಿ ಬಾಗಲಾ ತೆರದು ನೋಡ್ತಿದ್ದೆ. ಯಾರೂ ಇರ್ತಿದ್ದಿಲ್ಲ. ರಿಪೇರಿ ಮಾಡಿಸ್ರಿ ಅಂತ ಹೇಳಿ ಹೇಳಿ ಸಾಕಾತು. ಕಡೀಕ ನೋಡೂದ ಬಿಟ್ಟೆ. ಕೂಗಿದ್ರ ಇಳಸೂದು, ಸುಮ್ಮನಾದ ಮ್ಯಾಲ ಏರಸೂದು. ಅದ ರೂಢಿ ಆತು."

"ಅಂದ್ರ ಅವತ್ತ... ನೀನ ಇಳಿಸಿದಿ?"

ಅವನು ಮುಖ ಬೇರೆ ಕಡೆ ತಿರುಗಿಸಿದ.

"ಚನ್ನೇಶಾ, ನನ್ನ ಮುಖಾ ನೋಡು. ನೀನ 'ಯಾವ ಸಾಲು' ಅಂತ ಕೇಳಿದಿ. ಇಳಿಸಿದವನಾಗಿದ್ರ ಆ ಪ್ರಶ್ನೆ ಕೇಳ್ತಿದ್ದಿಲ್ಲ. ಎಲ್ಲಿದ್ದಿ ಆ ಹೊತ್ತಿನ್ಯಾಗ?"

"ಅಲ್ಲೇ ಇದ್ದೆ. ಪೊಲೀಸ್ರಿಗೂ ಅದನ್ನ ಹೇಳೇನಿ."

"ಸುಳ್ಳು."

"ಅಲ್ಲೇ ಇದ್ದೆ ಅಂತ ಬರಕೊಂಡಾರ್ರಿ. ಇರ್ಲಿ ಬಿಡ್ರಿ."

"ನಿನ್ನವ್ವ ಹೊರಗ ಬಿಸಲಾಗ ಕುಂತಾಳ. ಅಕಿಗೆ ನಾ ಹೋಗಿ ಏನ್ ಹೇಳ್ಲಿ? ನಿನ್ನ ಮಗ ನನಗೂ ಸುಳ್ಳು ಹೇಳಿದ ಅಂತ ಹೇಳ್ಲೇನು?"

ಅವ್ವ ಎಂದದ್ದೇ ತಡ, ಅವನು ಜಾಳಿಗೆಗೆ ಹಣೆ ಹಚ್ಚಿದ. ಪೇದೆಗೆ ಕೇಳದಷ್ಟು ಸಣ್ಣ ದನಿ ಬಂತು.

"ಮಶಿನ್ ಬೆಲ್ಟ್ ಹರದಿತ್ರಿ. ಚೇತನಕುಮಾರ ಸಾಹೇಬ್ರು ಲಗೂನ ಹೊಸಾದು ತಾ ಅಂತ ಪ್ಯಾಟಿಗೆ ಕಳಿಸಿದ್ರು. ನಾ ಹೋದ ಮ್ಯಾಲ ಅವ್ವ ಬುತ್ತಿ ತಂದಾಳ. ದಿನಾ ತರ್ತಿದ್ಳಲ್ರಿ. ನಾ ಇಲ್ಲಂತ, ಹಗಲೆಲ್ಲಾ ತೆರದ ಇರೂ ಮೇನ್ ಖೋಲ್ಯಾಗ ಕುಂತಾಳ."

ನನಗೆ ಮುಂದಿನದು ಕೇಳುವುದು ಬೇಡವಾಗಿತ್ತು.

"ನಾ ಬೆಲ್ಟ್ ತಗೊಂಡು ಬಂದೆ. ಅವ್ವ ನಕ್ಕೋಂತ ಅಂದ್ಳು, ನಿನ್ನ ಮಶಿನ್ ಒಂದ ಸವನ ಕೂಗಾಕತ್ತಿತ್ತು, ನೀ ಮಾಡಿದಂಗ ಹಿಡಿಕಿ ಕೆಳಗ ಎಳದೆ, ಸುಮ್ಮನಾತು, ಸ್ವಲ್ಪ ಹೊತ್ತ ಬಿಟ್ಟು ಮತ್ತ ಮ್ಯಾಲ ಹಾಕೇನಿ, ಸರಿ ಐತಿಲ್ಲೋ ನೋಡು ಅಂತ. ಮಶಿನ್ ಕೆಟ್ಟಾಗ ಅದು ಹಂಗ ಕೂಗತೈತಿ ಅಂತ ನಾನ ಅಕಿಗೆ ಹೇಳಿದ್ದೆರಿ. ಮನಶಾರು ಒತ್ತತಾರ ಅಂತ ಹೇಳಿದ್ದಿಲ್ಲ." ಅವನು ಉಸಿರು ತೆಗೆದುಕೊಂಡ. "ನೀ ಭಾಳ ಶಾಣ್ಯಾಕಿ ಆದಿ ಬಿಡವಾ ಅಂದೆ. ಇಬ್ರೂ ಕೂಡಿ ರೊಟ್ಟಿ ಉಂಡ್ವಿ. ಹೊಳಿಯವ್ವಗ ಅಂತ ಅವ್ವ ಒಂದು ರೊಟ್ಟಿ ತಗದ ಇಟ್ಟಿದ್ಳು."

ಹೊಳಿಯವ್ವ ಮತ್ತು ಗದಿಗೆವ್ವ ಒಂದೇ ಓಣಿಯವರು. ಚಿಕ್ಕಂದಿನಿಂದ ಕೂಡಿ ತೊಟ್ಟು ಮುರಿದವರು. ಹೆಣಕ್ಕೆ ನೀರು ಹಾಕಿದವಳೂ ಗದಿಗೆವ್ವನೇ.

"ಪೊಲೀಸ್ರು ನಿಮ್ಮವ್ವನ್ನ ಕೇಳ್ಲಿಲ್ಲೇನು?"

"ಮುದುಕಿನ್ನ ಯಾರು ಕೇಳ್ತಾರ್ರಿ? ಹೆಸರು ಬರಕೊಂಡ್ರು, ಹೆಬ್ಬಟ್ಟು ಒತ್ತಿಸಿಕೊಂಡ್ರು."

"ಚಿಲಕ? ಚಿಲಕ ಯಾರು ಹಾಕಿದ್ರು?"

"ಅದು ನನಗ ಗೊತ್ತಿಲ್ಲ. ದೇವರಾಣಿ ಗೊತ್ತಿಲ್ಲ."

ಗೊತ್ತಿಲ್ಲದಿರುವುದೇನು ಬಂತು? ಯಂತ್ರದವನನ್ನು ಪೇಟೆಗೆ ಅಟ್ಟಿದವನು ಯಾರು? ಕೀಲಿ ಯಾರ ಸೊಂಟದಲ್ಲಿತ್ತು? ಹೊಳಿಯವ್ವನ ಬಾಯಿಗೆ ಹೆದರಿದವನು ಯಾರು?

"ನೀ ಇರಲಿಲ್ಲ ಅಂತ ಹೇಳು! ಚೇತನಕುಮಾರ ಕಳಿಸಿದ ಅಂತ ಹೇಳು. ಬೆಲ್ಟ್ ಮಾರಿದ ಅಂಗಡಿಯಾಂವ ಸಾಕ್ಷಿ ಹೇಳ್ತಾನ. ನೀ ಬಿಡುಗಡೆ ಆಕ್ಕೀದಿ, ಅಂವ ಸಿಕ್ಕೊಂಡು ಬೀಳ್ತಾನ."

"ನಾ ಇರಲಿಲ್ಲ ಅಂದ್ರ ಮತ್ತ್ಯಾರಿದ್ರು ಅಂತ ಕೇಳ್ತಾರ್ರಿ."

ನಾನು ಬೇವಿನ ಗಿಡ ಇದ್ದ ದಿಕ್ಕಿಗೆ ತಿರುಗಿದೆ.

"ಸಾಹೇಬ್ರೂ ಅದನ್ನ ಅಂದ್ರು. ಮೊನ್ನೆ ಇಲ್ಲಿ ಬಂದಿದ್ರು. ನಿಮ್ಮವ್ವ ಮೇನ್ ಖೋಲ್ಯಾಗಿಂದ ಹೊರಗ ಬಂದಿದ್ದು ನಾ ನೋಡೇನಿ, ನೀ ಒಪ್ಪಿಕೊಂಡ್ರ ನಾ ನೋಡೇ ಇಲ್ಲ ಅಂದ್ರು."

ಆ ನಗು ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ಕಾಯ್ದೆ ನಿಮ್ಮವ್ವಗ ಏನೂ ಮಾಡಂಗಿಲ್ಲ ಚನ್ನೇಶಾ. ತಿಳೀಲಾರದ ಆಗೈತಿ. ಮಧುನ್ನ ಬೇಕಾದ್ರ ಕೇಳು."

"ಕಾಯ್ದೆ ಬಿಟ್ಟೀತು ಅಕ್ಕಾರ. ಅಕಿ ತನ್ನನ್ನ ತಾ ಬಿಡಾಂಗಿಲ್ಲ. ಅಕಿಗೆ ತಿಳಿದ ದಿನಾನ ಮನೀ ಹಿಂದಿನ ಬಾವಿಗೆ ಹೊಕ್ಕಾಳ. ನಾ ಹೊರಗ ಬಂದು ಯಾರ ಕೈಯಾಗಿನ ರೊಟ್ಟಿ ತಿನ್ಲಿ?"

ನಾನೂ ಜಾಳಿಗೆ ಹಿಡಿದುಕೊಂಡೆ.

ವೇಳೆ ಆತು ಎಂದು ಪೇದೆ ಕೂಗಿದ. ಚನ್ನೇಶ ಕದಲಲಿಲ್ಲ.

"ಅಕ್ಕಾರ, ಒಂದು ಕೇಳ್ತೇನಿ. ಹೊಳಿಯವ್ವ ಗುಂಡಿ ಮ್ಯಾಲಿಂದ ಬಟ್ಟು ತಗದಿದ್ಳೇನ್ರಿ?"

ಸುಳ್ಳು ಹೇಳಬಹುದಿತ್ತು. ಅವನು ನನ್ನ ಕಣ್ಣು ನೋಡುತ್ತಿದ್ದ.

"ಇಲ್ಲ," ಎಂದೆ.

ಅವನು ಕೈಮುಗಿದ.

"ಆ ಸಾಲು ಅಳಿಸಿಬಿಡ್ರಿ. ನಿಮ್ಮ ಪ್ರೋಗ್ರಾಂ ಮೊದಲ ಹೆಂಗಿತ್ತೋ ಹಂಗ ಇರ್ಲಿ. ತುಂಡು ಸಾಲು ಬಿಟ್ಟು ಓದ್ಲಿ."

ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಚುಚ್ಚಿತು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ಸಿಡಿ ಕೊಟ್ಟರೆ ಮಗ ಉಳಿದು ತಾಯಿ ಹೋಗುತ್ತಾಳೆ. ಮುಚ್ಚಿಟ್ಟರೆ ಮಗ ಜೈಲಿನಲ್ಲಿ ಮುದುಕನಾಗುತ್ತಾನೆ, ಚಿಲಕ ಹಾಕಿದ ಕೈ ಕೀಲಿ ಗೊಂಚಲು ಆಡಿಸುತ್ತ ತಿರುಗುತ್ತದೆ. ಮೂರನೆಯ ದಾರಿ ಇದೆಯೇ ಎಂದು ಹುಡುಕಿದೆ. ತಲೆ ಓಡಲಿಲ್ಲ.

ಬೇವಿನ ಗಿಡದ ಕೆಳಗೆ ಮಧುವಿನ ಸ್ಕೂಟರ್ ನಿಂತಿತ್ತು. ಅವನ ಮುಖ ಅರಳಿತ್ತು. ಗದಿಗೆವ್ವನಿಗೆ ಆಗಲೇ ಎಲ್ಲ ಹೇಳಿಬಿಟ್ಟಿದ್ದನೆಂದು ಅವಳ ಓಟ ನೋಡಿದರೇ ತಿಳಿಯುತ್ತಿತ್ತು. ಆ ವಯಸ್ಸಿನಲ್ಲಿ, ಬರಿಗಾಲಿನಲ್ಲಿ, ಕಾದ ನೆಲದ ಮೇಲೆ ಓಡಿ ಬಂದು ನನ್ನ ಕೈ ಹಿಡಿದಳು.

"ನನ ತಾಯೀ, ವಕೀಲರು ಎಲ್ಲಾ ಹೇಳಿದ್ರವಾ. ನನ ಮಗ ಅಲ್ಲಂತ. ಬ್ಯಾರೆ ಯಾರೋ ಹೊಳಿಯವ್ವನ ದನಿ ಅಡಗಿಸ್ಯಾರಂತ. ಖರೇ ಏನವಾ?"

"ಹೂಂ ಯವ್ವಾ. ಖರೇ."

"ಯಾರಂತ ತಿಳೀತೇನು?"

ನಾನು ಮಧುವಿನ ಕಡೆ ನೋಡಿದೆ.

"ಮೇಡಂ, ಸಿಡಿ ಕೊಡ್ರಿ," ಮಧು ಹಿಂದಿನಿಂದ ಬಂದ. "ಕೋರ್ಟ್ ಮುಚ್ಚೂದ್ರೊಳಗ ಅರ್ಜಿ ಹಾಕೋಣ. ನಾಳೆ ಅಂವ ಬಾಯಿ ತೆರಿಯೂದಕಿಂತ ಮೊದಲ."

ಗದಿಗೆವ್ವ ನನ್ನ ಕೈ ಬಿಡಲಿಲ್ಲ. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಇಷ್ಟು ದಿನ ನಾನು ಕಾಣದ ಸಿಟ್ಟಿತ್ತು.

"ಹೊಳಿಯವ್ವ ನನ್ನ ಬೆನ್ನಿಗೆ ಬಿದ್ದ ತಂಗಿ ಇದ್ದಂಗ ಇದ್ಳು. ಅಂಥಾಕಿ ಒಳಗ ಒದ್ದಾಡುವಾಗ ಅಕಿ ಬಾಯಿ ಮುಚ್ಚಿದ ಕೈ ಎಂಥಾದ್ದಿರಬೇಕವಾ? ಅದಕ್ಕೇನು ತಾಯಿ ಇಲ್ಲೇನು, ತಂಗಿ ಇಲ್ಲೇನು? ಆ ಕೈ ಸೇದಿ ಹೋಗ್ಲಿ!" ಅವಳು ನನ್ನ ಬಲಗೈಯನ್ನೆತ್ತಿ ತನ್ನ ನರೆತ ತಲೆಯ ಮೇಲೆ ಇಟ್ಟುಕೊಂಡಳು. "ನನ್ನ ತಲಿ ಮುಟ್ಟಿ ಆಣಿ ಮಾಡು. ಅವರು ಯಾರರ ಇರ್ಲಿ, ಎಂಥವರರ ಇರ್ಲಿ, ಹೆಸರು ಹೇಳದ ಬಿಡಂಗಿಲ್ಲ ಅಂತ ಆಣಿ ಮಾಡು."

ನನ್ನ ಅಂಗೈ ಕೆಳಗೆ ಅವಳ ನೆತ್ತಿ ಬಿಸಿಲಿಗೆ ಸುಡುತ್ತಿತ್ತು. ಎಡಗೈಯಲ್ಲಿದ್ದ ಸಿಡಿಗೆ ಮಧು ಕೈ ಚಾಚಿದ್ದ. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು.